ಶ್ವೇತಭವನ ಹದಿಮೂರು ನಿಮಿಷದಲ್ಲಿ ಬೀಳುವುದೇ?

2013ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಹಾಲಿವುಡ್‌ನಿಂದ ಎರಡು ಸಾಹಸಚಿತ್ರಗಳು ಬಂದವು. ಎರಡರಲ್ಲಿಯೂ ಸಶಸ್ತ್ರ ತಂಡವೊಂದು ಅಮೆರಿಕದ ಅಧ್ಯಕ್ಷರ ನಿವಾಸವಾದ ಶ್ವೇತಭವನವನ್ನು ವಶಪಡಿಸಿಕೊಳ್ಳುತ್ತದೆ. ಮೊದಲು ತೆರೆಕಂಡ ‘ಒಲಿಂಪಸ್ ಹ್ಯಾಸ್ ಫಾಲನ್’ ಚಿತ್ರದಲ್ಲಿ ಸೇನೆಯ ನೆರವು ಬರಲು ಹದಿನೈದು ನಿಮಿಷ ಬೇಕು. ದಾಳಿಕೋರರು ಹದಿಮೂರೇ ನಿಮಿಷದಲ್ಲಿ ಕೆಲಸ ಮುಗಿಸಿಬಿಡುತ್ತಾರೆ. ಇಂಥ ಚಿತ್ರ ನೋಡಿದವರು ಸಾಮಾನ್ಯವಾಗಿ ಅನುಮಾನಪಡುವುದು ಸ್ಫೋಟಗಳ ಬಗ್ಗೆ, ಗುಂಡು ತಾಗಿದರೂ ಓಡುವ ನಾಯಕನ ಬಗ್ಗೆ. ಅವು ತೆರೆಯ ಅಲಂಕಾರಗಳು, ಇರಲಿ. ನಿಜವಾಗಿ ಪರೀಕ್ಷಿಸಬೇಕಾದದ್ದು ಮೂರು ಸಂಗತಿಗಳನ್ನು: ಕಾಲ, ಸಂಚಿನಲ್ಲಿರುವ ಜನರ ಸಂಖ್ಯೆ ಮತ್ತು ಗುಟ್ಟು.

ಕಾಲದ ವಿಷಯದಲ್ಲಿ ಚಿತ್ರಕಥೆಗಾರರು ನಾವು ಅಂದುಕೊಂಡಷ್ಟು ತಪ್ಪಿಲ್ಲ. 2023ರ ಜೂನ್ 4ರಂದು ಟೆನ್ನೆಸಿ ರಾಜ್ಯದಿಂದ ಹೊರಟ ಸಣ್ಣ ಜೆಟ್ ವಿಮಾನವೊಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ವರೆಗೆ ಹೋಗಿ, ಇಳಿಯದೆ ತಿರುಗಿ, ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ನೇರವಾಗಿ ವಾಷಿಂಗ್ಟನ್ ನಗರದ ಮೇಲೆ ಹಾದುಹೋಯಿತು. ಮಧ್ಯಾಹ್ನ ಒಂದೂವರೆಯ ಹೊತ್ತಿಗೇ ಅದರೊಂದಿಗೆ ಸಂಪರ್ಕ ಕಡಿದುಹೋಗಿತ್ತು. ಎಫ್-16 ಯುದ್ಧವಿಮಾನಗಳು ಶಬ್ದಾತೀತ ವೇಗದಲ್ಲಿ ಬೆನ್ನಟ್ಟಿದಾಗ ಉಂಟಾದ ಸದ್ದಿಗೆ ರಾಜಧಾನಿಯ ಮನೆಗಳು ನಡುಗಿದವು. ಆದರೂ ಅವು ಜೆಟ್ಟಿನ ಪಕ್ಕಕ್ಕೆ ಬಂದದ್ದು 3.20ರ ಸುಮಾರಿಗೆ. ಪೈಲಟ್ ಯಾವ ಸಂಕೇತಕ್ಕೂ ಸ್ಪಂದಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ವಿಮಾನ ವರ್ಜೀನಿಯಾದ ಗುಡ್ಡಗಾಡಿನಲ್ಲಿ ಬಿದ್ದು ಅದರಲ್ಲಿದ್ದ ನಾಲ್ವರೂ ಸತ್ತರು. ಅದು ದಾಳಿಯಾಗಿರಲಿಲ್ಲ.

ಎರಡು ಗಂಟೆಗೆ ಹತ್ತಿರವಾದ ಈ ವಿಳಂಬವನ್ನು ಬರಿಯ ಸೋಮಾರಿತನವೆಂದು ತಳ್ಳಿಹಾಕಲಾಗದು. ಮೌನವಾದ ವಿಮಾನಗಳಲ್ಲಿ ಹೆಚ್ಚಿನವು ರೇಡಿಯೋ ಕೆಟ್ಟವೋ ಪೈಲಟ್ ಗಮನ ತಪ್ಪಿದವೋ ಆಗಿರುತ್ತವೆ. ಹತ್ತಿರ ಹೋಗಿ ಕಣ್ಣಾರೆ ನೋಡದೆ ಹೊಡೆದುರುಳಿಸುವ ವ್ಯವಸ್ಥೆಯು ಶತ್ರುಗಳಿಗಿಂತ ಹೆಚ್ಚು ಅಮಾಯಕರನ್ನೇ ಕೊಂದೀತು. ಆದ್ದರಿಂದ ಚಿತ್ರದಲ್ಲಿ ಯುದ್ಧವಿಮಾನಗಳು ದಾಳಿಕೋರರ ಅಪರಿಚಿತ ವಿಮಾನದ ತೀರ ಸಮೀಪಕ್ಕೆ ಹೋಗುವುದು ಮೂರ್ಖತನದಂತೆ ಕಂಡರೂ ರೂಢಿಗೆ ಹತ್ತಿರವಾದದ್ದೇ. ನಂಬಲಾಗದ್ದು ಆ ವಿಮಾನವೇ. ಅದು ಎಸಿ-130, ಮೇಲಿನಿಂದ ನೆಲದತ್ತ ಗುಂಡು ಸುರಿಸುವ, ನಾಲ್ಕು ಪ್ರೊಪೆಲ್ಲರ್‌ಗಳ ನಿಧಾನಗತಿಯ ದೊಡ್ಡ ವಿಮಾನ. ಆಕಾಶ ಪೂರ್ತಿ ತನ್ನವರ ಕೈಯಲ್ಲಿದ್ದಾಗ ಬಳಸಲೆಂದೇ ರೂಪಿಸಿದ್ದು. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧದ ಖಾಫ್ಜಿ ಕಾಳಗದ ವೇಳೆ ಅಂಥ ಒಂದು ವಿಮಾನ ಬೆಳಗಾದ ಮೇಲೂ ರಣರಂಗದಲ್ಲೇ ಉಳಿದು, ಕ್ಷಿಪಣಿಗೆ ಗುರಿಯಾಗಿ, ಹದಿನಾಲ್ಕು ಸಿಬ್ಬಂದಿಯೊಡನೆ ಸಮುದ್ರಕ್ಕೆ ಬಿತ್ತು. ಇಂಥದನ್ನು ದಾಳಿಕೋರರು ಎಲ್ಲಿಂದ ತಂದರು, ಯಾವ ಹ್ಯಾಂಗರಿನಲ್ಲಿ ಬಚ್ಚಿಟ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟವರು ಯಾರು, ಇಂಧನ ತುಂಬಿದವರು ಯಾರು? ಪ್ರತಿ ಪ್ರಶ್ನೆಗೂ ಉತ್ತರವಾಗಿ ಇನ್ನಷ್ಟು ಜನರು ಸಂಚಿನೊಳಗೆ ಬರಬೇಕಾಗುತ್ತದೆ.

ಜನ ಹೆಚ್ಚಿದಷ್ಟೂ ಗುಟ್ಟು ಒಡೆಯುತ್ತದೆ ಎಂಬುದು ಹಳ್ಳಿಯ ಕಟ್ಟೆಯಲ್ಲಿ ಕುಳಿತವರಿಗೂ ಗೊತ್ತು; ಅದನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ಭೌತವಿಜ್ಞಾನಿ ಡೇವಿಡ್ ರಾಬರ್ಟ್ ಗ್ರೈಮ್ಸ್ ಒಬ್ಬರು. 2016ರಲ್ಲಿ ‘ಪ್ಲೋಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು, ಬಯಲಾದ ಕೆಲವು ನಿಜ ಸಂಚುಗಳನ್ನು ಆಧರಿಸಿ, ಪಾಲುದಾರರ ಸಂಖ್ಯೆ ಮತ್ತು ಕಳೆದ ಕಾಲದೊಂದಿಗೆ ರಹಸ್ಯ ಸೋರುವ ಸಂಭವ ಹೇಗೆ ಏರುತ್ತದೆಂದು ತೋರಿಸಿದರು. ಅವರ ಅಂಕಿಗಳನ್ನು ಬಿಟ್ಟು ಸರಳ ಉದಾಹರಣೆಯೊಂದನ್ನೇ ನೋಡೋಣ. ಸಂಚಿನಲ್ಲಿರುವ ಒಬ್ಬೊಬ್ಬನೂ ಒಂದು ವರ್ಷದಲ್ಲಿ ಬಾಯಿಬಿಡುವ ಅಥವಾ ಸಿಕ್ಕಿಬೀಳುವ ಸಂಭವ ಕೇವಲ ಶೇ 1 ಎಂದಿಟ್ಟುಕೊಳ್ಳಿ. ಐದು ಜನ ಒಂದು ವರ್ಷ ಗುಟ್ಟು ಕಾಪಾಡುವ ಸಂಭವ ಶೇ 95ರಷ್ಟು. ನೂರು ಜನ ಎರಡು ವರ್ಷ ಕಾಪಾಡಬೇಕಾದರೆ ಅದು ಶೇ 13ಕ್ಕೆ ಕುಸಿಯುತ್ತದೆ. ಇತಿಹಾಸ ಈ ಲೆಕ್ಕಕ್ಕೆ ವಿರುದ್ಧವಾಗಿಲ್ಲ. 2001ರ ಸೆಪ್ಟೆಂಬರ್ 11ರಂದು ವಿಮಾನಗಳನ್ನು ಅಪಹರಿಸಿದವರು 19 ಜನ. ಮುಂಬೈಯ 2008ರ ದಾಳಿಯಲ್ಲಿ ನಗರಕ್ಕೆ ಬಂದಿಳಿದವರು ಹತ್ತು ಜನ. 1605ರಲ್ಲಿ ಲಂಡನ್ನಿನ ಸಂಸತ್ತಿನ ಕೆಳಗೆ 36 ಪೀಪಾಯಿ ಸಿಡಿಮದ್ದು ಕೂಡಿಟ್ಟ ಸಂಚುಗಾರರು ಹದಿಮೂರು ಜನ, ಮತ್ತು ಅಷ್ಟು ಚಿಕ್ಕ ಗುಂಪಿನ ಗುಟ್ಟೂ ಮಾಂಟೀಗಲ್ ಪ್ರಭುವಿಗೆ ಹೋದ ಒಂದು ಅನಾಮಧೇಯ ಪತ್ರದಿಂದ ಹೊರಬಿತ್ತು. ಮದ್ದಿಗೆ ಕೊರತೆ ಇರಲಿಲ್ಲ. 2005ರಲ್ಲಿ ಅಂದಿನ ಸಭಾಂಗಣದ ಪ್ರತಿಕೃತಿ ಕಟ್ಟಿ ಸಿಡಿಸಿ ನೋಡಿದಾಗ ಅದು ನುಚ್ಚುನೂರಾಯಿತು.

ಇಂಥ ಕಥೆಗಳ ಕೊನೆಯಲ್ಲಿ ಸಾಮಾನ್ಯವಾಗಿ ಅಣ್ವಸ್ತ್ರ ಬರುತ್ತದೆ. ಒತ್ತೆಯಾಳುಗಳಿಂದ ರಹಸ್ಯ ಸಂಕೇತಗಳನ್ನು ಕಸಿದುಕೊಂಡರೆ ದೇಶದ ಕ್ಷಿಪಣಿಗಳನ್ನೆಲ್ಲ ನೆಲದೊಳಗೇ ಸಿಡಿಸಬಹುದು ಎನ್ನುತ್ತದೆ ಮೇಲಿನ ಚಿತ್ರ. ಅಂಥ ವ್ಯವಸ್ಥೆ ಕಲ್ಪನೆಯದು. ಅಣುಸ್ಫೋಟ ಆಗಬೇಕಾದರೆ ತಿರುಳಿನ ಸುತ್ತಲಿನ ಸಾಮಾನ್ಯ ಸ್ಫೋಟಕವು ಎಲ್ಲ ಕಡೆಯೂ ಒಂದೇ ಕ್ಷಣದಲ್ಲಿ, ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ, ಸಿಡಿಯಬೇಕು. ಬರಿಯ ಬೆಂಕಿಗಾಗಲಿ ಹೊಡೆತಕ್ಕಾಗಲಿ ಆ ಶಿಸ್ತು ಇರುವುದಿಲ್ಲ. 1980ರ ಸೆಪ್ಟೆಂಬರ್‌ನಲ್ಲಿ ಆರ್ಕನ್ಸಾ ರಾಜ್ಯದ ಡಮಾಸ್ಕಸ್ ಬಳಿ ದುರಸ್ತಿ ಮಾಡುತ್ತಿದ್ದ ಕೆಲಸಗಾರನ ಕೈಯಿಂದ ಉಪಕರಣದ ಒಂದು ತುಂಡು ಜಾರಿ, ಟೈಟನ್-2 ಕ್ಷಿಪಣಿಯ ಇಂಧನ ಟ್ಯಾಂಕ್ ತೂತಾಯಿತು. ಮರುದಿನ ನಸುಕಿನಲ್ಲಿ ಕ್ಷಿಪಣಿಯೇ ಸಿಡಿದು, ಅದನ್ನಿರಿಸಿದ್ದ ನೆಲದೊಳಗಿನ ಗುಂಡಿಯ ಭಾರೀ ಮುಚ್ಚಳ ಹಾರಿಹೋಗಿ, ಒಬ್ಬ ಯೋಧ ಸತ್ತ. ಒಂಬತ್ತು ಮೆಗಾಟನ್ ಸಾಮರ್ಥ್ಯದ ಸಿಡಿತಲೆ ಹೊರಗೆಸೆಯಲ್ಪಟ್ಟರೂ ಸಿಡಿಯಲಿಲ್ಲ. ಇದನ್ನು ಪೂರ್ಣ ಭರವಸೆ ಎಂದು ನಾನು ಹೇಳಲಾರೆ: 1961ರಲ್ಲಿ ಉತ್ತರ ಕೆರೊಲಿನಾದ ಗೋಲ್ಡ್ಸ್‌ಬರೋ ಬಳಿ ವಿಮಾನದಿಂದ ಬಿದ್ದ ಬಾಂಬೊಂದನ್ನು ತಡೆದದ್ದು ಒಂದೇ ಒಂದು ಸ್ವಿಚ್. ಆದರೆ ಅಪಾಯ ಇರುವುದು ಇಂಥ ಅವಘಡಗಳಲ್ಲಿ, ಕಸಿದುಕೊಂಡ ಸಂಕೇತದಲ್ಲಿ ಅಲ್ಲ. ಅಧ್ಯಕ್ಷ ಸೆರೆಯಾದರೆ ಅಧಿಕಾರವನ್ನು ಮುಂದಿನವರಿಗೆ ದಾಟಿಸುವ ದಾರಿ 1947ರ ಕಾನೂನಿನಲ್ಲಿಯೂ 1967ರ ಸಂವಿಧಾನ ತಿದ್ದುಪಡಿಯಲ್ಲಿಯೂ ಇದೆ. ಚಿತ್ರದಲ್ಲಿ ಸ್ಪೀಕರ್ ಹಂಗಾಮಿ ಅಧ್ಯಕ್ಷರಾಗುವುದು ಇದಕ್ಕೆ ಒಪ್ಪುವಂಥದು.

ನಿಜವಾದ ದಾಳಿ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಮುಂದೆ ದೆಹಲಿಯದೇ ನಿದರ್ಶನವಿದೆ. 2001ರ ಡಿಸೆಂಬರ್ 13ರಂದು ಐವರು ಉಗ್ರರು ಗೃಹ ಸಚಿವಾಲಯದ ಸ್ಟಿಕರ್ ಅಂಟಿಸಿದ ಬಿಳಿ ಅಂಬಾಸಿಡರ್ ಕಾರಿನಲ್ಲಿ ಸಂಸತ್ ಭವನದ ಆವರಣ ಹೊಕ್ಕರು. ಅಲ್ಲಿಯವರೆಗೆ ಯೋಜನೆ ಫಲಿಸಿತು. ಒಳಗೆ ಅವರ ಕಾರು ಉಪರಾಷ್ಟ್ರಪತಿ ಕೃಷ್ಣಕಾಂತ್ ಅವರಿಗಾಗಿ ನಿಂತಿದ್ದ ಕಾರಿಗೆ ಗುದ್ದಿತು. ಅಲ್ಲಿಂದ ಯಾವುದೂ ಅವರೆಣಿಸಿದಂತೆ ನಡೆಯಲಿಲ್ಲ. ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ ಅವರ ಕೈಯಲ್ಲಿ ಬಂದೂಕು ಇರಲಿಲ್ಲ. ಅನುಮಾನ ಬಂದೊಡನೆ ಅವರು ಕೂಗಿ ಎಚ್ಚರಿಸಿದರು, ಗುಂಡೇಟಿಗೆ ಬಲಿಯಾದರು. ಮರಣೋತ್ತರವಾಗಿ ಅವರಿಗೆ ಅಶೋಕ ಚಕ್ರ ಸಂದಿತು. ಅಷ್ಟರಲ್ಲಿ ಭವನದ ಬಾಗಿಲುಗಳು ಮುಚ್ಚಿದವು. ನೂರಕ್ಕೂ ಹೆಚ್ಚು ಸಂಸದರು ಮತ್ತು ಸಚಿವರು ಒಳಗಿದ್ದರು. ಐವರಲ್ಲಿ ಒಬ್ಬನಿಗೂ ಒಳಗೆ ಕಾಲಿಡಲಾಗಲಿಲ್ಲ. ಸತ್ತ ಒಂಬತ್ತು ಮಂದಿಯಲ್ಲಿ ಭದ್ರತಾ ಸಿಬ್ಬಂದಿಯೊಂದಿಗೆ ತೋಟದ ಕೆಲಸಗಾರರೊಬ್ಬರೂ ಇದ್ದರು. ಬಾಗಿಲು ಹಾಕುವವರು ಸಾಹಸಚಿತ್ರಗಳಲ್ಲಿ ಹೆಸರಿಲ್ಲದೆ ಮೊದಲ ದೃಶ್ಯದಲ್ಲೇ ಸಾಯುತ್ತಾರೆ. ಈ ಪ್ರಕಾರದ ಚಿತ್ರಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ.

ವಾಷಿಂಗ್ಟನ್ನಿನ ಸಂಸತ್ ಭವನ 2021ರ ಜನವರಿ 6ರಂದು, ಅಧ್ಯಕ್ಷೀಯ ಚುನಾವಣೆಯ ಮತಗಳ ಅಧಿಕೃತ ಎಣಿಕೆ ನಡೆಯುತ್ತಿದ್ದಾಗ, ಫಲಿತಾಂಶ ಒಪ್ಪದ ಗುಂಪಿನ ಕೈಗೆ ಸಿಕ್ಕಿದ್ದು ಇನ್ನೊಂದು ರೀತಿ. ಅಲ್ಲಿ ವಿಶೇಷ ವಿಮಾನವಿರಲಿಲ್ಲ, ಸಂಕೇತಗಳ ಕಳ್ಳತನವಿರಲಿಲ್ಲ. ಕೈಗೆ ಸಿಕ್ಕಿದ್ದರಿಂದ ಕಿಟಕಿ ಒಡೆದು ಜನ ಒಳನುಗ್ಗಿದರು. ಸುಮಾರು 140 ಪೊಲೀಸರು ಗಾಯಗೊಂಡರು. ಮಧ್ಯಾಹ್ನ ಎರಡು ಗಂಟೆಗೆ ಮೊದಲೇ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನಾಪಡೆಯನ್ನು ಕೇಳಿದ್ದರೂ ಅದು ಬಂದದ್ದು ಸಂಜೆ ಐದು ದಾಟಿದ ಮೇಲೆ. ದೂರ ಇದಕ್ಕೆ ಕಾರಣವಲ್ಲ. ರಾಜ್ಯಗಳಲ್ಲಿ ಈ ಪಡೆಗೆ ಅಪ್ಪಣೆ ಕೊಡುವವರು ರಾಜ್ಯಪಾಲರು; ರಾಜ್ಯವಲ್ಲದ ವಾಷಿಂಗ್ಟನ್ನಿಗೆ ರಾಜ್ಯಪಾಲರಿಲ್ಲದ ಕಾರಣ ಅನುಮತಿ ರಕ್ಷಣಾ ಇಲಾಖೆಯಿಂದಲೇ ಇಳಿದುಬರಬೇಕಿತ್ತು. ಸೇನೆಯನ್ನು ನಾಗರಿಕ ಆಡಳಿತದ ಹಿಡಿತದಲ್ಲಿಡಲು ಮಾಡಿದ ಏರ್ಪಾಡೇ ಅಂದು ನಿಧಾನಕ್ಕೆ ಎಡೆಮಾಡಿತು. ಅದೇ ಹೊತ್ತಿನಲ್ಲಿ ಸೆನೆಟ್ ಸಿಬ್ಬಂದಿ ಚುನಾವಣಾ ಪ್ರಮಾಣಪತ್ರಗಳಿದ್ದ ಮರದ ಪೆಟ್ಟಿಗೆಗಳನ್ನು ಹೊತ್ತುಕೊಂಡೇ ಸುರಕ್ಷಿತ ಜಾಗಕ್ಕೆ ಸರಿದಿದ್ದರು. ಪೆಟ್ಟಿಗೆಗಳು ಉಳಿದಿದ್ದರಿಂದ ರಾತ್ರಿ ಎಂಟರ ಹೊತ್ತಿಗೆ ಸೆನೆಟ್ ಮತ್ತೆ ಸೇರಿ ಕಲಾಪ ಮುಂದುವರಿಸಲು ಸಾಧ್ಯವಾಯಿತು, ಮರುದಿನ ಬೆಳಗಾಗುವ ಮುನ್ನವೇ ಎಣಿಕೆ ಮುಗಿದು ಫಲಿತಾಂಶ ಅಧಿಕೃತವಾಯಿತು.