ಪದ ಪರಿಚಯ: ಸ್ಕೂಲ್ ರೆಫರೆಂಡಮ್

ರೆಫರೆಂಡಮ್ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗೋದು ಜನಮತಗಣನೆ, ಜುನಾಗಢ, ಬ್ರೆಕ್ಸಿಟ್, ಹಿಂಗೆ ದೇಶದ ಹಣೆಬರಹ ಬರೆಯೋ ದೊಡ್ಡ ದೊಡ್ಡ ವಿಷ್ಯಗಳು. ಆದ್ರೆ ಅಮೆರಿಕಾದ ವಿಸ್ಕಾನ್ಸಿನ್‌ನಲ್ಲಿ ಮನೆ ತಗೊಂಡು ಕೂತಿರೋ ಕನ್ನಡದವರಿಗೆ ಏಪ್ರಿಲ್‌ನಲ್ಲೋ ನವೆಂಬರ್‌ನಲ್ಲೋ ಎದುರಾಗೋ ರೆಫರೆಂಡಮ್ ಪಕ್ಕದ ಬೀದಿಯ ಸರ್ಕಾರಿ ಶಾಲೆದು. ಮ್ಯೂಸಿಕ್ ಟೀಚರ್ ಮುಂದಿನ ವರ್ಷ ಇರ್ತಾರಾ, ಒಂದನೇ ಕ್ಲಾಸಲ್ಲಿ ಎಷ್ಟು ಮಕ್ಕಳು ಕೂರ್ತಾರೆ, ಬಸ್ ನಿಮ್ಮ ಬೀದಿ ತನಕ ಬರುತ್ತಾ, ಇದೆಲ್ಲ ಆ ಒಂದು ಪ್ರಶ್ನೆ ಮೇಲೆ ನಿಂತಿರುತ್ತೆ.

ಬಹಳ ಜನ ಇದನ್ನ "ಸ್ಕೂಲ್‌ನವರು ಮತ್ತೆ ದುಡ್ಡು ಕೇಳ್ತಿದಾರೆ" ಅಂತ ಅರ್ಥ ಮಾಡ್ಕೋತಾರೆ. ಸರಿಯಾದ ಅರ್ಥ ಏನಂದ್ರೆ, ರಾಜ್ಯ ಹಾಕಿರೋ ಮಿತಿ ದಾಟೋಕೆ ಊರಿನ ಜನರ ಪರ್ಮಿಷನ್ ಕೇಳೋದು. 1993ರಲ್ಲಿ ವಿಸ್ಕಾನ್ಸಿನ್ ಸರ್ಕಾರ ರೆವಿನ್ಯೂ ಲಿಮಿಟ್ ಅಂತ ಒಂದು ಕಾನೂನು ತಂತು, ಒಂದು ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನ ನಡೆಸೋ ಸಂಸ್ಥೆ) ರಾಜ್ಯದ ಅನುದಾನ ಮತ್ತೆ ಪ್ರಾಪರ್ಟಿ ಟ್ಯಾಕ್ಸ್ ಎರಡೂ ಸೇರಿಸಿ ಒಂದು ಮಗುವಿನ ತಲೆಗೆ ಇಷ್ಟೇ ಎತ್ತಬಹುದು ಅಂತ. ಅವತ್ತು ಯಾವ ಊರು ಎಷ್ಟು ಖರ್ಚು ಮಾಡ್ತಿತ್ತೋ ಅದನ್ನೇ ಆಧಾರವಾಗಿ ಇಟ್ಕೊಂಡ್ರು. ಅಂದ್ರೆ ಆಗ ಕೈ ಬಿಗಿ ಹಿಡಿದು ನಡೆಸ್ತಿದ್ದ ಊರುಗಳು ಕೆಳಗಿನ ಮೆಟ್ಟಿಲಲ್ಲೇ ಸಿಕ್ಕಾಕ್ಕೊಂಡ್ವು, ಇದು ನನಗೆ ಯಾವತ್ತೂ ನ್ಯಾಯ ಅನ್ಸಿಲ್ಲ. ಮೊದಲು ಆ ಮಿತಿ ಬೆಲೆ ಏರಿಕೆ ಜೊತೆಗೆ ಏರ್ತಿತ್ತು, 2009ರಿಂದ ಅದೂ ನಿಂತೋಯ್ತು. 2023ರಲ್ಲಿ ಗವರ್ನರ್ ಟೋನಿ ಎವರ್ಸ್ ತಮ್ಮ ವೀಟೋ ಅಧಿಕಾರ ಬಳಸಿ ಬಜೆಟ್‌ನಲ್ಲಿದ್ದ "2024-25" ಅನ್ನೋ ಇಸವಿಯಿಂದ 20 ಮತ್ತೆ ಅಡ್ಡಗೆರೆ ಹೊಡೆದು ಹಾಕಿ ತಲೆಗೆ ವರ್ಷಕ್ಕೆ 325 ಡಾಲರ್ ಏರಿಕೆನ 2425ನೇ ಇಸವಿ ತನಕ ಎಳೆದ್ರು. ಆದ್ರೆ ಅದು ಮಿತಿಯ ಏರಿಕೆ ಮಾತ್ರ, ರಾಜ್ಯದ ಖಜಾನೆಯಿಂದ ಅಷ್ಟು ದುಡ್ಡು ಬರುತ್ತೆ ಅಂತ ಅಲ್ಲ.

ಲಿಮಿಟ್ ಇದ್ರೆ ಇರ್ಲಿ, ಅದ್ರೊಳಗೇ ನಡೆಸಿ ಅಂತ ಕೇಳೋರು ತುಂಬಾ ಜನ. ಲೆಕ್ಕ ಮಕ್ಕಳ ತಲೆ ಮೇಲೆ ನಿಂತಿದೆ ನೋಡಿ, ಅದೂ ಮೂರು ವರ್ಷದ ಸರಾಸರಿ ಮೇಲೆ. ಒಂದು ಕ್ಲಾಸಲ್ಲಿ 22 ಮಕ್ಕಳಿದ್ದಿದ್ದು 19 ಆಯ್ತು ಅಂದ್ಕೊಳಿ, ಮೂರು ಮಕ್ಕಳ ದುಡ್ಡು ನಿಧಾನಕ್ಕೆ ಹೋಯ್ತು, ಆದ್ರೆ ಟೀಚರ್ ಒಬ್ರು ಬೇಕೇ ಬೇಕು, ಬಸ್ ಅದೇ ದಾರೀಲಿ ಓಡ್ಲೇಬೇಕು, ಜನವರಿ ಚಳೀಲಿ ಹೀಟರ್ 19 ಮಕ್ಕಳಿಗೆ ಅಂತ ಕಮ್ಮಿ ಉರಿಯಲ್ಲ.

ಈ ರೆಫರೆಂಡಮ್‌ನಲ್ಲಿ ಎರಡು ಜಾತಿ ಇದೆ, ಇಲ್ಲೇ ಜನ ಎಡವೋದು. ಒಂದು ಆಪರೇಷನಲ್, ಅಂದ್ರೆ ಸಂಬಳ, ಬಸ್, ಕರೆಂಟು ಇಂಥ ದಿನದ ಖರ್ಚಿಗೆ. ಇನ್ನೊಂದು ಕ್ಯಾಪಿಟಲ್, ಅಂದ್ರೆ ಸಾಲ ಎತ್ತಿ ಕಟ್ಟಡ ಕಟ್ಟೋಕೆ, ಸೂರು ಬದಲಾಯಿಸೋಕೆ. ಕಟ್ಟಡಕ್ಕೆ ಅಂತ ಎತ್ತಿದ ಸಾಲದಲ್ಲಿ ಟೀಚರ್‌ಗೆ ಸಂಬಳ ಕೊಡೋಕಾಗಲ್ಲ, ಕಾನೂನು ಬಿಡಲ್ಲ. "ಹೋದ ವರ್ಷ ತಾನೇ ಹೊಸ ಜಿಮ್ ಕಟ್ಟಿದ್ರಿ, ಈಗ ಟೀಚರ್‌ನ ತೆಗೀತೀವಿ ಅಂತೀರಲ್ಲ" ಅಂತ ಸಿಟ್ಟಾಗೋರಿಗೆ ಉತ್ತರ ಇದೇ. ಮ್ಯಾಡಿಸನ್‌ನಲ್ಲಿ 2024ರ ನವೆಂಬರ್‌ನಲ್ಲಿ ಎರಡನ್ನೂ ಬೇರೆ ಬೇರೆ ಪ್ರಶ್ನೆಯಾಗಿ ಇಟ್ರು, ದಿನದ ಖರ್ಚಿಗೆ 10 ಕೋಟಿ ಡಾಲರ್, ಕಟ್ಟಡಗಳಿಗೆ 50.7 ಕೋಟಿ, ಎರಡೂ ಪಾಸಾಯ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಮಿಲ್ವಾಕಿಯ 25.2 ಕೋಟಿ ಡಾಲರ್ ಪ್ರಶ್ನೆ ಕೂದಲೆಳೆ ಅಂತರದಲ್ಲಿ ಗೆದ್ದಿತು. ಆಪರೇಷನಲ್‌ನಲ್ಲೂ ರಿಕರಿಂಗ್ ಅಂದ್ರೆ ಶಾಶ್ವತ, ನಾನ್‌ರಿಕರಿಂಗ್ ಅಂದ್ರೆ ಇಂತಿಷ್ಟು ವರ್ಷ ಅಷ್ಟೇ, ಆಮೇಲೆ ಮತ್ತೆ ಜನರ ಹತ್ರ ಬರಬೇಕು.

ಗೆಲ್ಲೋಕೆ ವಿಸ್ಕಾನ್ಸಿನ್‌ನಲ್ಲಿ ಅರ್ಧಕ್ಕಿಂತ ಒಂದು ಓಟು ಜಾಸ್ತಿ ಸಾಕು. ವಾಷಿಂಗ್ಟನ್ ರಾಜ್ಯದಲ್ಲಿ ಶಾಲೆ ಬಾಂಡ್‌ಗೆ, ಅಂದ್ರೆ ಕಟ್ಟಡದ ಸಾಲಕ್ಕೆ, 60 ಪರ್ಸೆಂಟ್ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಡಿಸ್ಟ್ರಿಕ್ಟ್ ಇಡೋ ಪಾರ್ಸೆಲ್ ಟ್ಯಾಕ್ಸ್‌ಗೆ (ಮನೆ ಬೆಲೆ ನೋಡದೆ ಜಾಗಕ್ಕೆ ಹಾಕೋ ತೆರಿಗೆ) ಮೂರರಲ್ಲಿ ಎರಡು ಪಾಲು, ಹಾಗಾಗಿ ಬೇ ಏರಿಯಾದ ಸ್ನೇಹಿತರು ಹೇಳೋ ಕಥೆ ಇಲ್ಲಿಗೆ ಹಾಗ್ಹಾಗೇ ಹೊಂದಲ್ಲ.

ಇನ್ನು ಊರಿನ ಬೆಂಬಲ ಕಟ್ಟೋದು. ಡಿಸ್ಟ್ರಿಕ್ಟ್ ತನ್ನ ದುಡ್ಡಲ್ಲಿ "ಎಸ್ ಅಂತ ಓಟ್ ಹಾಕಿ" ಅಂತ ಪ್ರಚಾರ ಮಾಡೋ ಹಾಗಿಲ್ಲ, ಅಂಕಿ ಅಂಶ ಮಾತ್ರ ಕೊಡಬಹುದು. ಮನವೊಲಿಸೋ ಕೆಲಸ ಅಪ್ಪ ಅಮ್ಮಂದಿರದ್ದು, ಅಕ್ಕಪಕ್ಕದವರದ್ದು. ಮತ್ತೆ ಓಟ್ ಹಾಕೋರಲ್ಲಿ ಎಷ್ಟೋ ಜನರ ಮನೇಲಿ ಶಾಲೆಗೆ ಹೋಗೋ ಮಕ್ಕಳೇ ಇಲ್ಲ. ನಾನು ಬಾಗಿಲು ತಟ್ಟಿದ ಒಂದು ಮನೇಲಿ ರಿಟೈರ್ ಆದ ಹೆಂಗಸೊಬ್ರು ಟ್ಯಾಕ್ಸ್ ಬಿಲ್ ಕೈಯಲ್ಲೇ ಹಿಡ್ಕೊಂಡು ಹೊರಗೆ ಬಂದ್ರು, ನಾನು ಮಕ್ಕಳ ಭವಿಷ್ಯ ಅಂತ ಶುರು ಮಾಡಿದ್ರೆ "ನನ್ನ ಮನೆಗೆ ಎಷ್ಟು ಬೀಳುತ್ತೆ ಅದನ್ನ ಹೇಳು" ಅಂದ್ರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದ್ವಿ. ಮಿಲ್ ರೇಟ್ ಅಂದ್ರೆ ಮನೆ ಬೆಲೆಯ ಪ್ರತಿ 1000 ಡಾಲರ್‌ಗೆ ಎಷ್ಟು ಟ್ಯಾಕ್ಸ್ ಅಂತ. ಅದು 80 ಸೆಂಟ್ ಏರಿದ್ರೆ 3.5 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 280, ತಿಂಗಳಿಗೆ 23 ಚಿಲ್ಲರೆ. ಅವರು ಬಿಲ್ ಹಿಂದುಗಡೆ ಬರ್ಕೊಂಡ್ರು. ಎಸ್ ಅಂತಾರೋ ನೋ ಅಂತಾರೋ ಹೇಳ್ಲಿಲ್ಲ, ಆದ್ರೆ ಪಕ್ಕದ ಮನೆಯವರಿಗೂ ಹೀಗೇ ಲೆಕ್ಕ ಹಾಕಿ ಕೊಡು ಅಂತ ಅವರೇ ಕಳಿಸಿದ್ರು. ಪೆನ್ಷನ್ ಮೇಲೆ ಬದುಕೋರಿಗೆ 280 ಡಾಲರ್ ಸಣ್ಣದಲ್ಲ. ಅದನ್ನ ಒಪ್ಕೊಂಡು ಮಾತಾಡಿದ್ರೇನೇ ಅವರು ನಮ್ಮ ಮಾತು ಕೇಳೋದು, ಬರೀ ಕಾಫಿ ದುಡ್ಡು ಬಿಡಿ ಅಂದ್ರೆ ಬಾಗಿಲು ಹಾಕ್ಕೋತಾರೆ.

ಬೆಂಗಳೂರಲ್ಲಿ ಆಸ್ತಿ ತೆರಿಗೆ ಜೊತೆ ಲೈಬ್ರರಿ ಸೆಸ್ ಕಟ್ಟಿದೀವಲ್ಲ, ಇದಕ್ಕೆ ಹತ್ತಿರದ ನೆಂಟ ಅದು, ಆದ್ರೆ ಅದನ್ನ ಏರಿಸ್ಲಾ ಅಂತ ನಮ್ಮನ್ನ ಯಾರೂ ಕೇಳಿರ್ಲಿಲ್ಲ, ಇಲ್ಲಿ ಕೇಳ್ತಾರೆ. ಓಟು ಸಿಟಿಜನ್‌ಗಳಿಗೆ ಮಾತ್ರ, ಎಚ್1ಬಿಲಿ ಇರೋರು ಮನೆ ಟ್ಯಾಕ್ಸ್ ಪೂರ್ತಿ ಕಟ್ತಾರೆ ಆದ್ರೆ ಓಟ್ ಇಲ್ಲ. ಹಾಗಂತ ಸುಮ್ನೆ ಕೂರಬೇಡಿ, ಸ್ಕೂಲ್ ಬೋರ್ಡ್ ಮೀಟಿಂಗ್‌ಗೆ ಹೋಗಿ ಪಬ್ಲಿಕ್ ಕಾಮೆಂಟ್ ಟೈಮಲ್ಲಿ ಮಾತಾಡಬಹುದು, ಕನ್ನಡ ಸಂಘದ ಯುಗಾದಿ ಊಟದಲ್ಲಿ ಸಿಟಿಜನ್ ಆಗಿರೋ ಹತ್ತು ಮನೆಯವರಿಗೆ ಮಿಲ್ ರೇಟ್ ಅಂದ್ರೇನು ಅಂತ ಬಿಡಿಸಿ ಹೇಳಬಹುದು. ಅವರು ಹೆಸರು ನೋಂದಾಯಿಸಿಲ್ಲ ಅಂದ್ರೂ ಪರವಾಗಿಲ್ಲ, ವಿಸ್ಕಾನ್ಸಿನ್‌ನಲ್ಲಿ ಎಲೆಕ್ಷನ್ ದಿನವೇ ಬೂತಲ್ಲಿ ವಿಳಾಸದ ದಾಖಲೆ ತೋರ್ಸಿ ನೋಂದಾಯಿಸ್ಕೊಂಡು ಓಟ್ ಹಾಕಬಹುದು, ಫೋಟೋ ಐಡಿ ಮರೀಬೇಡಿ ಅಷ್ಟೇ.