ಪಚ್ಚೆ ಪಾರಿವಾಳ ಮತ್ತು ಕೂರ: ಹಣ್ಣು ಒಂದೇ, ಹೊಟ್ಟೆ ಬೇರೆ

ಪಶ್ಚಿಮ ಘಟ್ಟದ ಕಾಡಿನಲ್ಲಿ ಉದುರಿದ ಹಣ್ಣು ತಿನ್ನಲು ಹಗಲಲ್ಲಿ ಪಚ್ಚೆ ಪಾರಿವಾಳ (ಚಾಲ್ಕೋಫ್ಯಾಪ್ಸ್ ಇಂಡಿಕಾ) ಬರುತ್ತದೆ, ಕತ್ತಲಾದ ಮೇಲೆ ಜಿಂಕೆಯಂತೆ ಕಾಣುವ ಪುಟ್ಟ ಪ್ರಾಣಿ ಕೂರ (ಮಾಸ್ಕಿಯೋಲ ಇಂಡಿಕಾ). ಕೂರಕ್ಕೆ ಬರ್ಕ ಎಂಬ ಹೆಸರೂ ಇದೆ. ಹಕ್ಕಿಯ ಉದ್ದ ಸುಮಾರು 25 ಸೆಂ.ಮೀ. ಕೂರ 2ರಿಂದ 4 ಕೆ.ಜಿ. ತೂಗುತ್ತದೆ, ಭುಜದ ಎತ್ತರ 30 ಸೆಂ.ಮೀ. ಒಳಗೇ.

ಇವೆರಡನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ಬೀಜದ ಗತಿ. ಪಾರಿವಾಳಕ್ಕೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಗಂಟಲ ಕೆಳಗಿನ ಚೀಲದಲ್ಲಿ ನಿಂತು, ಆಮೇಲೆ ಗಿಜರ್ಡ್ ಎಂಬ ದಪ್ಪ ಸ್ನಾಯುವಿನ ಚೀಲ ಸೇರುತ್ತದೆ. ಹಕ್ಕಿ ಹೆಕ್ಕಿ ನುಂಗಿದ ಸಣ್ಣ ಕಲ್ಲುಗಳು ಅಲ್ಲಿ ಬೀಸುಕಲ್ಲಿನ ಕೆಲಸ ಮಾಡುತ್ತವೆ. ಹಾಗಾಗಿ ಹೆಚ್ಚಿನ ಬೀಜಗಳು ಪುಡಿಯಾಗುತ್ತವೆ. ‘ಹಣ್ಣು ತಿನ್ನುವ ಹಕ್ಕಿ, ಆದ್ದರಿಂದ ಬೀಜ ಹರಡುತ್ತದೆ’ ಎಂದು ಬರೆದರೆ ತಪ್ಪಾಗುವುದು ಇಲ್ಲೇ. ಕೂರ ಮೆಲುಕು ಹಾಕುವ ಪ್ರಾಣಿ. ನೆಲ್ಲಿಯಂಥ ಹಣ್ಣನ್ನು ನುಂಗಿ, ತಿರುಳು ಕಳಚಿದ ಗಟ್ಟಿ ಓಟೆಯನ್ನು ಮೆಲುಕು ಹಾಕುವಾಗ ಉಗುಳಿಬಿಡುತ್ತದೆ. ತಾಯಿಮರದಿಂದ ದೂರ ಬಿದ್ದ ಆ ಬೀಜಕ್ಕೆ ಮೊಳೆಯುವ ಅವಕಾಶ ಉಂಟು.

ಹಸುವಿಗಿರುವಂತೆ ಕೂರಕ್ಕೂ ನಾಲ್ಕು ಕೋಣೆಯ ಹೊಟ್ಟೆ ಎಂದು ಬರೆಯಬೇಡಿ. ಮೂರನೆಯ ಕೋಣೆಯಾದ ಒಮೇಸಮ್ ಇದರಲ್ಲಿ ಸರಿಯಾಗಿ ಬೆಳೆದೇ ಇಲ್ಲ. ಕೊಂಬೂ ಇಲ್ಲ, ಗಂಡಿಗೆ ಮೇಲ್ದವಡೆಯಿಂದ ಇಳಿದ ಕೋರೆಹಲ್ಲಿದೆ. ಹಾಗಾಗಿ ಇದನ್ನು ಜಿಂಕೆ ಎನ್ನುವಂತಿಲ್ಲ: ಇದು ಟ್ರಾಗುಲಿಡೆ ಕುಟುಂಬ, ಜಿಂಕೆಯದು ಸರ್ವಿಡೆ.

ಎರಡೂ ಮರಿಗೆ ಹಾಲೂಡುತ್ತವೆ ಎನ್ನುವುದರಲ್ಲೂ ಎಚ್ಚರ ಬೇಕು. ಕೂರದ ಹಾಲು ಕೆಚ್ಚಲಿನದು. ಪಾರಿವಾಳದ ‘ಹಾಲು’ ಗಂಟಲಚೀಲದ ಒಳಪದರದಿಂದ ಉದುರುವ ಕೊಬ್ಬು, ಪ್ರೋಟೀನು ತುಂಬಿದ ಕೋಶಗಳು. ಅದನ್ನು ಗಂಡು, ಹೆಣ್ಣು ಎರಡೂ ಕೊಡುತ್ತವೆ. ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ.

ಗುರುತಿಸುವಾಗ: ಹಸಿರು ರೆಕ್ಕೆ ಕಂಡ ಕೂಡಲೇ ಹಸಿರು ಪಾರಿವಾಳ ಎನ್ನಬೇಡಿ, ಅದು ಮರದ ಮೇಲೆಯೇ ಹಣ್ಣು ತಿನ್ನುವ ಬೇರೆ ಹಕ್ಕಿ. ಪಚ್ಚೆಯದು ಕೆಂಪು ಕೊಕ್ಕು. ನೆಲದಿಂದ ಎದ್ದು ತಗ್ಗಿನಲ್ಲೇ ಬಾಣದಂತೆ ಹಾರುವಾಗ ಬೆನ್ನಡಿಯಲ್ಲಿ ಎರಡು ಬಿಳಿಚು ಪಟ್ಟಿ ಕಾಣುತ್ತವೆ. ಕೂರವನ್ನು ಚುಕ್ಕೆಜಿಂಕೆಯ ಮರಿ ಎಂದುಕೊಳ್ಳುವವರೇ ಹೆಚ್ಚು. ಕತ್ತು ನೋಡಿ: ಕೂರದ ಗಂಟಲಲ್ಲಿ ಬಿಳಿ ಪಟ್ಟೆಗಳಿರುತ್ತವೆ, ಪಕ್ಕೆಯ ಚುಕ್ಕೆಗಳು ಸಾಲುಗಟ್ಟಿ ಗೆರೆಯಂತಾಗಿರುತ್ತವೆ, ಬೆನ್ನು ಹಿಂದಕ್ಕೆ ಹೋದಂತೆ ಎತ್ತರವಾಗುತ್ತದೆ.