ದಾನಶಾಸನದಲ್ಲಿ ದೊರೆ ಎಲ್ಲಿದ್ದಾನೆ?

ಗುಡಿಯ ಎದುರು ಹಾಕಿರುವ ಮಾಹಿತಿ ಫಲಕಗಳಲ್ಲಿ ಒಂದು ವಾಕ್ಯ ಪದೇ ಪದೇ ಸಿಗುತ್ತದೆ: ‘ಈ ದೇವಾಲಯಕ್ಕೆ ಆರನೆಯ ವಿಕ್ರಮಾದಿತ್ಯ ಭೂಮಿ ದಾನ ಮಾಡಿದ.’ ಪಕ್ಕದಲ್ಲೇ ಇರುವ ಶಾಸನದ ಕಲ್ಲನ್ನು ಓದಿದರೆ ಕಲ್ಯಾಣ ಚಾಲುಕ್ಯರ ಚಕ್ರವರ್ತಿಯಾದ ಈ ವಿಕ್ರಮಾದಿತ್ಯ ಅಲ್ಲಿ ಏನನ್ನೂ ಕೊಟ್ಟಿರುವುದಿಲ್ಲ. ಬಹಳ ಸಲ ಆ ಊರಿಗೇ ಬಂದಿರುವುದಿಲ್ಲ. ತಪ್ಪು ಆಗುವುದು ಶಾಸನದ ಕಟ್ಟಡ ತಿಳಿಯದೆ ಮೇಲಿನ ಹತ್ತು ಸಾಲು ಓದಿ ನಿಲ್ಲಿಸುವುದರಿಂದ.

ಹನ್ನೊಂದು, ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯರ ಶಾಸನಗಳು ಒಂದು ಕಟ್ಟುನಿಟ್ಟಾದ ಅಚ್ಚಿನಲ್ಲಿ ಬರುತ್ತವೆ. ಮೊದಲು ಸ್ತುತಿಪದ್ಯ. ಶೈವ ದಾನವಾದರೆ ‘ನಮಸ್ತುಂಗ ಶಿರಶ್ಚುಂಬಿ’, ಜೈನ ದಾನವಾದರೆ ‘ಶ್ರೀಮತ್ಪರಮಗಂಭೀರ ಸ್ಯಾದ್ವಾದಾಮೋಘಲಾಂಛನಂ’, ವಿಷ್ಣುವಿಗಾದರೆ ವರಾಹಸ್ತುತಿ ‘ಜಯತ್ಯಾವಿಷ್ಕೃತಂ ವಿಷ್ಣೋಃ’. ಕಲ್ಲು ಎಷ್ಟೇ ಸವೆದಿದ್ದರೂ ಮೊದಲ ಸಾಲಿನ ನಾಲ್ಕಕ್ಷರ ಸಿಕ್ಕರೆ ದಾನ ಯಾವ ಪಂಥಕ್ಕೆ ಸೇರಿದ್ದೆಂದು ಬಹುಮಟ್ಟಿಗೆ ಹೇಳಬಹುದು. ಅದಾದ ಮೇಲೆ ‘ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ’ ಎಂಬ ಬಿರುದಾವಳಿ. ಇದು ರಾಜಧಾನಿಯ ಕಚೇರಿಯಿಂದ ಬಂದ ಸಿದ್ಧಪಾಠ. ಊರೂರಿಗೆ ಹೆಚ್ಚು ವ್ಯತ್ಯಾಸವಿಲ್ಲ. ಈ ಪಾಠ ಮುಗಿಯುವುದು ‘ವಿಜಯರಾಜ್ಯಂ ಉತ್ತರೋತ್ತರಾಭಿವೃದ್ಧಿಪ್ರವರ್ಧಮಾನಂ ಆಚಂದ್ರಾರ್ಕತಾರಂಬರಂ ಸಲುತ್ತಮಿರೆ’ ಎಂದು. ಅಂದರೆ ಅವನ ರಾಜ್ಯ ನಡೆಯುತ್ತಿರಲು ಇನ್ನಾರೋ ಏನೋ ಮಾಡಿದರು, ಆ ಸುದ್ದಿ ಮುಂದೆ ಬರಬೇಕು. ಚಕ್ರವರ್ತಿ ಇಲ್ಲಿ ಕಾಲಸೂಚನೆಯ ಒಂದು ಭಾಗ, ಅಷ್ಟೆ.

ಆಮೇಲೆ ‘ತತ್ಪಾದಪದ್ಮೋಪಜೀವಿ’ (ಅವನ ಪಾದಕಮಲವನ್ನು ನಂಬಿ ಬಾಳುವವನು) ಎಂದು ಆರಂಭವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತದೆ: ಮಹಾಮಂಡಲೇಶ್ವರ (ಸಾಮಂತ), ದಂಡನಾಯಕ, ಪೆರ್ಗಡೆ (ಆಡಳಿತದ ಅಧಿಕಾರಿ), ಕೊನೆಗೆ ಊರಿನ ಗಾವುಂಡ (ಊರ ಮುಖ್ಯಸ್ಥ) ಅಥವಾ ಮಹಾಜನರು (ಅಗ್ರಹಾರದ ಬ್ರಾಹ್ಮಣರ ಸಭೆ). ಕೊಟ್ಟವನು ಈ ಸರಪಳಿಯ ಯಾವ ಕೊಂಡಿಯಲ್ಲಿದ್ದಾನೆ ಎಂದು ತಿಳಿಯಲು ಹೆಸರುಗಳನ್ನು ಹುಡುಕಬೇಡಿ, ಕ್ರಿಯಾಪದ ಹುಡುಕಿ. ‘ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ ಬಿಟ್ಟರ್’ (ಕಾಲು ತೊಳೆದು, ಕೈಗೆ ನೀರೆರೆದು ದಾನ ಬಿಟ್ಟರು) ಅಥವಾ ‘ಕೊಟ್ಟರ್’ ಎಂಬುದು ಎಲ್ಲಿದೆಯೋ ಅಲ್ಲಿಂದ ಹಿಂದಕ್ಕೆ ಬಂದರೆ ಸಿಗುವ ಮೊದಲ ಕರ್ತೃವೇ ದಾನಿ. ಹೊಸಬರಿಗೆ ಇದೊಂದನ್ನು ಅಭ್ಯಾಸ ಮಾಡಿಸಿದರೆ ಅರ್ಧ ತಪ್ಪು ತಾನಾಗಿ ನಿಲ್ಲುತ್ತದೆ.

ಕಾಲು ತೊಳೆಸಿಕೊಂಡವರು ಯಾರು ಎಂಬುದನ್ನೂ ಬಿಡಬೇಡಿ. ದಾನ ದೇವರಿಗೆ, ಆದರೆ ನೀರು ಬಿದ್ದದ್ದು ಆ ಸ್ಥಾನದ ಆಚಾರ್ಯನ ಕೈಮೇಲೆ. ಹೆಸರು ‘ಶಕ್ತಿ’, ‘ರಾಶಿ’ ಎಂದು ಮುಗಿದರೆ ಸಾಮಾನ್ಯವಾಗಿ ಕಾಳಾಮುಖ ಅಥವಾ ಪಾಶುಪತ ಎಂಬ ಶೈವ ಪಂಥಗಳ ಗುರು. ‘ನಂದಿ’, ‘ಚಂದ್ರ’, ‘ಸೇನ’ ಎಂದು ಮುಗಿದು ಜೊತೆಗೆ ಮೂಲಸಂಘ, ದೇಸಿಗಣ, ಪುಸ್ತಕಗಚ್ಛ ಎಂಬ ಮುನಿಪರಂಪರೆಯ ಹೆಸರುಗಳಿದ್ದರೆ ಜೈನ ಮುನಿ. ದಾನದ ಉದ್ದೇಶವೂ ಅಲ್ಲೇ ಇರುತ್ತದೆ: ಅಂಗಭೋಗ (ದೇವರ ಅಲಂಕಾರ, ಉಪಚಾರ), ರಂಗಭೋಗ (ಹಾಡು, ಕುಣಿತದ ಸೇವೆ), ನಿವೇದ್ಯ, ನಂದಾದೀವಿಗೆ, ಖಂಡಸ್ಫುಟಿತ ಜೀರ್ಣೋದ್ಧಾರ (ಒಡೆದು ಬಿರಿದದ್ದರ ದುರಸ್ತಿ), ತಪೋಧನರ ಆಹಾರದಾನ. ಇದನ್ನು ಬರೀ ಪೂಜೆಯ ಖರ್ಚು ಎಂದುಕೊಳ್ಳುವುದು ಸರಿಯಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೇದಾರೇಶ್ವರದ ಕೋಡಿಯ ಮಠವನ್ನು ಕಳಚುರಿ ದೊರೆ ಬಿಜ್ಜಳನ ಕಾಲದ 1162ರ ಶಾಸನ ಬಣ್ಣಿಸುವುದು ಹೀಗೆ: ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನ ನಡೆಯುವ ಸ್ಥಳ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುವ ಸ್ಥಳ, ರೋಗಿಗಳಿಗೆ ಔಷಧ ಸಿಗುವ ಸ್ಥಳ. ಗದ್ದೆಯ ಆದಾಯ ಇಷ್ಟಕ್ಕೆಲ್ಲ ಹೋಗುತ್ತಿತ್ತು.

ಈಗ ತಿಥಿ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಎಂಬುದು ಎಲ್ಲರಿಗೂ ಗೊತ್ತು. ಮಾಘ, ಫಾಲ್ಗುಣಗಳಿಗೆ 79 ಸೇರಿಸಬೇಕು, ಯಾಕೆಂದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಪುಷ್ಯಮಾಸ ಎರಡೂ ಕಡೆಗೆ ಬೀಳಬಹುದು. ಸಂವತ್ಸರ ಸರಿಯಿದೆಯೇ ನೋಡಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಸಂಖ್ಯೆಯೇ ಪ್ರಭವದಿಂದ ಎಣಿಸಿದ ಸಂವತ್ಸರ, ಏನೂ ಉಳಿಯದಿದ್ದರೆ ಅಕ್ಷಯ. ಬೇಲೂರಿನ ವಿಜಯನಾರಾಯಣ ಪ್ರತಿಷ್ಠೆಯಾದ ಶಕ 1039ಕ್ಕೆ 12 ಸೇರಿದರೆ 1051, ಶೇಷ 31, ಹೇವಿಳಂಬಿ, ಅಂದರೆ 1117. ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿ ಬೇಡ. ಕೆಲವು ಲಿಪಿಕಾರರು ಕಳೆದ ವರ್ಷವನ್ನು, ಕೆಲವರು ನಡೆಯುತ್ತಿರುವ ವರ್ಷವನ್ನು ಬರೆಯುತ್ತಿದ್ದರು. ಅಂಥ ಕಡೆ ಸಂವತ್ಸರವನ್ನೇ ನಂಬಿ, ಅಂಕಿಯನ್ನಲ್ಲ. ಎರಡು ಮೂರು ವರ್ಷದ ವ್ಯತ್ಯಾಸವಿದ್ದರೆ ಮಾತ್ರ ಅಂಕಿಯನ್ನು ನೀವು ತಪ್ಪು ಓದಿದ್ದೀರಿ ಎಂದುಕೊಂಡು ಕಲ್ಲಿನ ಹತ್ತಿರ ವಾಪಸ್ ಹೋಗಿ.

ಚಾಳುಕ್ಯ ವಿಕ್ರಮ ವರ್ಷ ಇದ್ದರೆ 1075 ಸೇರಿಸಿ. ಆರನೆಯ ವಿಕ್ರಮಾದಿತ್ಯನ ಆ ಶಕೆ ಹುಟ್ಟಿದ್ದು 1076ರಲ್ಲಿ, ಶಕ 998ರ ನಳ ಸಂವತ್ಸರದಲ್ಲಿ. ‘37ನೆಯ ನಂದನ ಸಂವತ್ಸರ’ ಎಂದರೆ 1112. ವಿಕ್ರಮಾದಿತ್ಯ 1126ರಲ್ಲಿ ತೀರಿಕೊಂಡ ಮೇಲೂ ಕೆಲವು ಕಡೆ ಈ ಎಣಿಕೆ ಮುಂದುವರಿಯಿತು. ಆದ್ದರಿಂದ 50ಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಅದು ತಪ್ಪೇ ಆಗಿರಬೇಕಿಲ್ಲ.

ಇನ್ನೊಂದು ಗುಂಡಿ ಇದೆ. ದಾನಗಳನ್ನು ಗ್ರಹಣ, ವ್ಯತೀಪಾತ (ಪಂಚಾಂಗದ ಒಂದು ಯೋಗ), ಉತ್ತರಾಯಣ ಸಂಕ್ರಮಣದಂದು ಕೊಡುತ್ತಿದ್ದರು, ಪುಣ್ಯ ಹೆಚ್ಚೆಂಬ ನಂಬಿಕೆಯಿಂದ. ಸಂಕ್ರಮಣ ಎಂದೊಡನೆ ನಮ್ಮ ತಲೆಗೆ ಬರುವುದು ಜನವರಿ 14. ಹನ್ನೆರಡನೆಯ ಶತಮಾನದಲ್ಲಿ ಮಕರ ಸಂಕ್ರಮಣ ಬರುತ್ತಿದ್ದುದು ಅಂದಿನ ಜೂಲಿಯನ್ ಪಂಚಾಂಗದ ಡಿಸೆಂಬರ್ 24, 25ರ ಸುಮಾರಿಗೆ. ಹಾಗಾಗಿ ಜನವರಿ ಎಂದು ತಿಳಿದು 79 ಸೇರಿಸಿದರೆ ಇಡೀ ದಾನ ಒಂದು ವರ್ಷ ಮುಂದಕ್ಕೆ ಹೋಗಿ ಕೂರುತ್ತದೆ. ಅಚ್ಚಾದ ಊರಿನ ಇತಿಹಾಸಗಳಲ್ಲೂ ಈ ತಪ್ಪು ಕಾಣುತ್ತದೆ.

ಭೂಮಿಯ ಅಳತೆ ಮತ್ತರು, ಕಮ್ಮಗಳಲ್ಲಿ ಇರುತ್ತದೆ. ಎಕರೆಗೆ ತಿರುಗಿಸಲು ಹೋಗಬೇಡಿ. ಅಳೆಯುವ ಕೋಲು, ಅಂದರೆ ಗಳೆ, ಊರಿಂದೂರಿಗೆ ಬೇರೆ. ಬಳ್ಳಿಗಾವೆಯ ಸುತ್ತ ‘ಭೇರುಂಡ ಗಳೆ’ ಇತ್ತು, ಬೇರೆಡೆ ಬೇರೆ ಹೆಸರಿನದು. ಮತ್ತರಿನ ಮುಂದೆ ಯಾವ ಗಳೆ ಎಂದು ಬರೆದಿದ್ದರೆ ಅದನ್ನು ಹಾಗೇ ನಕಲು ಮಾಡಿಕೊಳ್ಳಿ. ಎಲ್ಲೆಗಳು ಮಾತ್ರ ಈಗಲೂ ಉಪಯೋಗಕ್ಕೆ ಬರುತ್ತವೆ: ಮೂಡಲು ಹಳ್ಳ, ತೆಂಕಲು ಹುತ್ತ, ಪಡುವಲು ಹುಣಿಸೆಮರ, ಬಡಗಲು ಕೆರೆಯ ಕೋಡಿ. ಮರವೂ ಹುತ್ತವೂ ಹೋಗಿರುತ್ತವೆ, ಕೆರೆ ಮತ್ತು ಹಳ್ಳ ಸಾಧಾರಣವಾಗಿ ಉಳಿದಿರುತ್ತವೆ. ಹೊಲದ ಬದುವಿನಲ್ಲಿ ಸಣ್ಣ ಕಲ್ಲಿನ ಮೇಲೆ ಲಿಂಗ ಕೆತ್ತಿದ್ದರೆ ಶಿವಾಲಯದ ಜಮೀನು, ಕೊಡೆ ಕಮಂಡಲು ಹಿಡಿದ ವಾಮನನಿದ್ದರೆ ಬ್ರಾಹ್ಮಣರಿಗೋ ವಿಷ್ಣು ದೇವಾಲಯಕ್ಕೋ ಬಿಟ್ಟದ್ದು, ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ) ಇದ್ದರೆ ಬಸದಿಯದ್ದು. ಭೂಮಿಯ ಜೊತೆಗೆ ಸುಂಕದ ಪಾಲೂ ಬರುತ್ತದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳ ಒಂದಂಶ, ಗಾಣಕ್ಕೆ ಇಷ್ಟು ಸೊಂಟಿಗೆ (ಸೌಟು) ಎಣ್ಣೆ, ಹೇರಿಗೆ ಇಷ್ಟು ವೀಳ್ಯದೆಲೆ.

ಕೊನೆಯಲ್ಲಿ ಶಾಪ. ಫಲಕ ಬರೆಯುವವರು ಇದನ್ನು ‘ಎಂದಿನ ಶಾಪಾಶಯ’ ಎಂದು ತಳ್ಳಿಹಾಕುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಕಲ್ಲಿನಲ್ಲಿ ಅರಸುತನ ಮತ್ತು ನಂಬಿಕೆಯ ನಿಜವಾದ ಸಂಬಂಧ ಕಾಣುವುದು ಇಲ್ಲೇ. ದಾನವನ್ನು ಚಂದ್ರ ಸೂರ್ಯರಿರುವ ತನಕ ಎಂದು ಬಿಟ್ಟಿದ್ದಾರೆ, ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತಿದ್ದಾರೆ, ಪಕ್ಕದಲ್ಲಿ ಹಸು ಕರು, ಕೆಲವೊಮ್ಮೆ ಕಠಾರಿ. ಆದರೆ ದೊರೆಯ ಅಪ್ಪಣೆಗೆ ಅಷ್ಟು ಆಯುಸ್ಸಿಲ್ಲ. ಅವನು ಸತ್ತರೆ, ರಾಜ್ಯ ಹೋದರೆ, ಮುಂದಿನವನು ಅದೇ ಗದ್ದೆಯನ್ನು ತನ್ನ ಸೈನಿಕನಿಗೆ ಕೊಡಬಹುದು, ತಡೆಯುವ ನ್ಯಾಯಾಲಯವಿಲ್ಲ. ಆದ್ದರಿಂದ ಕರಾರಿನ ಭದ್ರತೆಯನ್ನು ಸಾಯದವರ ಕೈಗೆ ಒಪ್ಪಿಸಬೇಕಾಯಿತು. ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ’: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಈ ಬೆದರಿಕೆ ಕಳ್ಳನಿಗಲ್ಲ, ಮುಂದಿನ ಅಧಿಕಾರಿಗೆ. ‘ಪರದತ್ತಾಂ’ ಎಂದು ಸೇರಿಸಿರುವುದೇ ಅದಕ್ಕೆ.

ಬೆದರಿಕೆಯ ಜೊತೆಗೆ ಆಮಿಷವೂ ಇದೆ. ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ’: ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಹೆಚ್ಚು; ಕೊಟ್ಟವನಿಗೆ ಸ್ವರ್ಗ, ಕಾಯ್ದವನಿಗೆ ಅಚ್ಯುತಪದ, ಅಂದರೆ ಜಾರದ ಪದವಿ. ಶತ್ರುವಿನ ದಾನವನ್ನು ಮುಂದುವರಿಸಿದವನಿಗೆ ದಾನಿಗಿಂತ ಮೇಲಿನ ಪುಣ್ಯ ಎಂದ ಮೇಲೆ ಗೆದ್ದ ದೊರೆಗೆ ಹಳೆಯ ದತ್ತಿಗಳನ್ನು ಮುಟ್ಟದಿರಲು ಒಂದು ಗೌರವದ ಕಾರಣ ಸಿಕ್ಕಿತು. ಕೆಲವು ಶಾಸನಗಳಲ್ಲಿ ‘ಮದ್ವಂಶಜಾಃ ಪರಮಹೀಪತಿವಂಶಜಾ ವಾ’ ಎಂಬ ಶ್ಲೋಕ ಇರುತ್ತದೆ. ನನ್ನ ವಂಶದವರೋ ಬೇರೆ ದೊರೆಗಳ ವಂಶದವರೋ, ಮುಂದೆ ಬರುವ ಯಾವ ಅರಸರು ಈ ಧರ್ಮವನ್ನು ಕಾಯುತ್ತಾರೋ ಅವರಿಗೆ ತಲೆಯ ಮೇಲೆ ಕೈಜೋಡಿಸಿ ಮುಗಿಯುತ್ತೇನೆ ಎಂದು ಅದರ ಅರ್ಥ. ಮೇಲಿನ ಸಾಲುಗಳಲ್ಲಿ ಪರಮೇಶ್ವರ, ಪರಮಭಟ್ಟಾರಕರು. ಕೆಳಗೆ ಇನ್ನೂ ಹುಟ್ಟದ ಅರಸರಿಗೆ ಕೈಮುಗಿಯುವ ಮಾತು. ಎರಡನ್ನೂ ಓದಿದವರಿಗೇ ಆ ಕಾಲದ ಅರಸುತನದ ಅಳತೆ ಸಿಗುವುದು.

ಕನ್ನಡದ ಶಾಪ ಇನ್ನೂ ಲೆಕ್ಕಾಚಾರದ್ದು. ಇದನ್ನು ಪ್ರತಿಪಾಲಿಸಿದವರಿಗೆ ವಾರಣಾಸಿ, ಕುರುಕ್ಷೇತ್ರಗಳಲ್ಲಿ ಸಾವಿರ ಕವಿಲೆಯ (ಕಪಿಲೆ ಹಸುವಿನ) ಕೋಡು ಕೊಳಗುಗಳನ್ನು ಹೊನ್ನಿನಲ್ಲಿ ಕಟ್ಟಿಸಿ ವೇದಪಾರಗರಿಗೆ ಕೊಟ್ಟ ಫಲ. ಅಳಿದವರಿಗೆ, ಅಂದರೆ ಕೆಡಿಸಿದವರಿಗೆ, ಅಷ್ಟೇ ಕವಿಲೆಗಳನ್ನು, ಅಷ್ಟೇ ಬ್ರಾಹ್ಮಣರನ್ನು ಅಲ್ಲೇ ಕೊಂದ ಪಾತಕ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಅಳಿದವನಿಗೆ ಮಹಾಪಾತಕ ಎಂಬ ಮಾತಿದೆ.

ದೊರೆ ನಿಜವಾಗಿ ನಡುವೆ ಬಂದು ಮಾತಾಡಿದ ಶಾಸನ ಹೇಗಿರುತ್ತದೆ ಎಂದು ನೋಡಬೇಕಾದರೆ ಶ್ರವಣಬೆಳಗೊಳಕ್ಕೆ ಹೋಗಬೇಕು. ಶಕ 1290 ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ, ಅಂದರೆ 1368ರ ಆಗಸ್ಟ್ 24. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಜೈನರು ವಿಜಯನಗರದ ದೊರೆ ಬುಕ್ಕರಾಯನಲ್ಲಿ ದೂರು ಕೊಟ್ಟಿದ್ದರು. ರಾಯ ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಪಂಚಮಹಾವಾದ್ಯ ಮತ್ತು ಕಲಶ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ತೀರ್ಪು ಕೊಟ್ಟ. ಬರೀ ಸೌಹಾರ್ದದ ಮಾತಾಗಿ ಉಲ್ಲೇಖಿಸುವವರು ಮುಂದಿನ ಸಾಲು ಬಿಟ್ಟುಬಿಡುತ್ತಾರೆ. ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಅದರಿಂದ ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರನ್ನು ನೇಮಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಗಾರೆ ಹೊಡೆಸಬೇಕು. ಕಾವಲಿನ ಹಣ ಒಂದು ಪಕ್ಷದ್ದು, ಕಾವಲಿನ ಹೊಣೆ ಇನ್ನೊಂದು ಪಕ್ಷದ್ದು. ಶಾಸನ ಶುರುವಾಗುವುದು ರಾಮಾನುಜರ ಸ್ತುತಿಯಿಂದ. ಇದನ್ನು ಬಸದಿಗಳಲ್ಲಿ ನೆಡಿಸುವ ಕೆಲಸವನ್ನೂ ಶ್ರೀವೈಷ್ಣವರಿಗೇ ವಹಿಸಿತ್ತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದರ ಇನ್ನೊಂದು ಪ್ರತಿ ಸಿಕ್ಕಿದೆ. ತಪ್ಪಿದವನು ರಾಜದ್ರೋಹಿ ಎಂಬ ಲೌಕಿಕ ದಂಡನೆ ಇಲ್ಲಿದೆ, ಆದರೂ ಗಂಗೆಯ ತಡಿಯಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪವನ್ನು ಸೇರಿಸದೆ ಬಿಟ್ಟಿಲ್ಲ.

ಕಲ್ಲಿನ ಬಳಿ ನಿಂತಾಗ ಮಾಡಬೇಕಾದದ್ದು ಹೆಚ್ಚಿಲ್ಲ. ನೀರು, ಮೃದುವಾದ ಬ್ರಷ್ ಸಾಕು. ಸೋಪು, ಆಸಿಡ್, ತಂತಿ ಬ್ರಷ್ ಬೇಡ, ಅಕ್ಷರಕ್ಕೆ ಸುಣ್ಣದ ಕಡ್ಡಿ ತುಂಬುವುದಂತೂ ಬೇಡ, ನೀವು ಊಹಿಸಿದ ಗೆರೆ ಮುಂದಿನವನಿಗೆ ಅಕ್ಷರವಾಗುತ್ತದೆ. ಸಂಜೆ ಓರೆ ಬಿಸಿಲಿನಲ್ಲಿ ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಎಡದಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು ಫೋಟೊ ತೆಗೆಯಿರಿ. ಬುಡದ ಸಾಲುಗಳು ಮಣ್ಣಿನಲ್ಲೋ ಸಿಮೆಂಟಿನಲ್ಲೋ ಮುಚ್ಚಿದ್ದರೆ ಎಲ್ಲೆ, ಶಾಪ, ಬರೆದ ಸೇನಬೋವನ (ಲೆಕ್ಕಿಗನ) ಹೆಸರು, ಕಂಡರಿಸಿದ ರೂವಾರಿಯ (ಶಿಲ್ಪಿಯ) ಹೆಸರು ಕಳೆದುಹೋದ ಹಾಗೆ. ಗುದ್ದಲಿ ಹಾಕಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ.

ತಾಮ್ರಪಟ ಸಿಕ್ಕರೆ ಇನ್ನೊಂದು ಎಚ್ಚರಿಕೆ ಬೇಕು, ಕೂಟಶಾಸನದ್ದು, ಅಂದರೆ ನಕಲಿ ಶಾಸನದ್ದು. ಹಳೆಯ ದತ್ತಿ ತೋರಿಸಿದರೆ ಜಮೀನು ಉಳಿಯುತ್ತದೆ ಎಂದಾದ ಮೇಲೆ ದತ್ತಿಯನ್ನು ಹುಟ್ಟಿಸುವವರೂ ಹುಟ್ಟಿದರು. ಗಂಗ ಹರಿವರ್ಮನ ಹೆಸರಿನ ತಂಜಾವೂರು ತಾಮ್ರಪಟದಲ್ಲಿ ಶಕ 169, ಪ್ರಭವ ಸಂವತ್ಸರ ಎಂದಿದೆ. ಮೇಲಿನ ಸೂತ್ರ ಹಾಕಿ ನೋಡಿ: 181, ಶೇಷ 1, ಪ್ರಭವವೇ. ಲೆಕ್ಕ ಸರಿ, ಆದರೆ ಲಿಪಿ ಶತಮಾನಗಳಷ್ಟು ಈಚಿನದು. ಶಾಸನತಜ್ಞ ಫ್ಲೀಟ್ ಅದನ್ನು ಕೂಟವೆಂದೇ ತಳ್ಳಿಹಾಕಿದರು. ಕರ್ನಾಟಕದ ಶಾಸನಗಳಲ್ಲಿ ಶಕವರ್ಷ ಮೊದಲು ಕಾಣುವುದೇ 543ರಲ್ಲಿ, ಒಂದನೆಯ ಪುಲಕೇಶಿಯ ಬಾದಾಮಿ ಬಂಡೆಯ ಮೇಲೆ, ಶಕ 465 ಎಂದು. ಹಾಗಾಗಿ ತಾಮ್ರಪಟ ಕೈಗೆ ಬಂದಾಗ ಮೊದಲು ಲಿಪಿ, ಆಮೇಲೆ ಭಾಷೆ, ಆಮೇಲೆ ಉಂಗುರದ ಮುದ್ರೆ (ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ) ನೋಡಿ. ಉಂಗುರ ಕತ್ತರಿಸಿ ಮತ್ತೆ ಬೆಸೆದಿದ್ದಾರೆಯೇ, ಹಲಗೆಯಲ್ಲಿ ಹಳೆಯ ಅಕ್ಷರ ಬಡಿದು ಅಳಿಸಿದ ಗುರುತಿದೆಯೇ ಎಂದು ಪರೀಕ್ಷಿಸಿ. ತಿಥಿಯ ಗಣಿತ ಅದಾದ ಮೇಲೆ.